ಮಗಳಿಗೊಂದು ಪತ್ರ: ಲಕ್ಕುಂಡಿಗೆ ಬಸ್ಸಿನಲ್ಲೇ ಹೋಗು

ಮಗಳೇ, ನಿನಗೆ ಅವ್ವನ ಆಶೀರ್ವಾದ.

ರಜೆಗೆ ಗೆಳತಿಯರ ಜೊತೆ ಬಂದು, ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಲಕ್ಕುಂಡಿ, ಡಂಬಳ, ಇಟಗಿ, ಸೂಡಿ ಮುಗಿಸುತ್ತೇವೆ ಅಂದೆಯಲ್ಲ. ಗದಗಿನ ಸುತ್ತಲಿನ ಹಳೆಯ ಗುಡಿಗಳ ಊರುಗಳು ಇವು, ಹಾಗೆ ಮುಗಿಸುವಂಥವಲ್ಲವ್ವಾ. ದಿನಕ್ಕೊಂದು ಊರು ಇಟ್ಟುಕೊಳ್ಳಿ, ಬಸ್ಸಿಗೇ ಹೋಗಿ.

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿ.ಮೀ., ಕೊಪ್ಪಳದ ದಾರಿ. ಹತ್ತುವ ಮುಂಚೆ ‘ಲಕ್ಕುಂಡಿಗೆ ನಿಲ್ಲತೈತೇನ್ರಿ?’ ಅಂತ ಕಂಡಕ್ಟರನ್ನು ಕೇಳು. ಆಧಾರ್ ಕಾರ್ಡು ಮರೆಯಬೇಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ನಮ್ಮ ಕಾಲದಲ್ಲಿ ಒಂದು ಗುಡಿ ನೋಡಿ ಬರಲಿಕ್ಕೂ ಮನೆಯ ಗಂಡಸರ ಮುಂದೆ ಕೈಚಾಚಬೇಕಿತ್ತು. ಈಗ ಸಂತೆಗೆ, ತವರಿಗೆ, ಜಾತ್ರೆಗೆ ಹೊರಟ ಹೆಂಗಸರೇ ಬಸ್ಸಿನ ತುಂಬ. ಅವರ ನಡುವೆ ಕೂತು ಮಾತಾಡಿಸು. ಊರಿನ ದಾರಿಯೆಲ್ಲ ಅವರೇ ಹೇಳುತ್ತಾರೆ.

ಲಕ್ಕುಂಡಿಯಲ್ಲಿ ಗುಡಿ ಬೇರೆ, ಊರು ಬೇರೆ ಅಂತಿಲ್ಲ. ಓಣಿಯಲ್ಲಿ ನಡೆದಂತೆ ಒಂದೊಂದೇ ಎದುರಾಗುತ್ತವೆ. ‘ನೂರೊಂದು ಗುಡಿ, ನೂರೊಂದು ಬಾವಿ’ ಅಂತ ಜನ ಹೇಳುವ ಊರು ಅದು. ಕಾಶಿ ವಿಶ್ವೇಶ್ವರನ ಬಾಗಿಲವಾಡದ ಮುಂದೆ ಅವಸರ ಮಾಡಬೇಡ. ಬಳಪದ ಕಲ್ಲು ಮೆದು, ಅದಕ್ಕೇ ಉಳಿ ಅಷ್ಟು ಸಣ್ಣ ಕೆಲಸ ಮಾಡಿದೆ. ಅದರೆದುರಿಗೇ ಸೂರ್ಯನ ಗುಡಿ. ಮಾಣಿಕೇಶ್ವರದ ಹತ್ತಿರ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂಡಿ.

ಬ್ರಹ್ಮ ಜಿನಾಲಯಕ್ಕೆ ಮಾತ್ರ ಅತ್ತಿಮಬ್ಬೆಯ ಕಥೆ ಗೊತ್ತಿದ್ದೇ ಹೋಗಬೇಕು. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ, ಇವಳ ಸ್ವಂತ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಈಕೆ ಮಗನನ್ನು ಸಾಕುತ್ತ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದೊಂದು ಓಲೆಗರಿಯನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲ ಅದು! ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಇವಳ ಆಶ್ರಯದಲ್ಲಿ. 1007ರಲ್ಲಿ ಈ ಬಸದಿ ಕಟ್ಟಿಸಿದಳು. ನಿನ್ನ ಗೆಳತಿಯರಿಗೂ ಇದನ್ನು ಹೇಳು. ರಾಜರ ಹೆಸರು ಎಲ್ಲರೂ ಹೇಳುತ್ತಾರೆ, ಇವಳದ್ದು ಹೇಳುವವರು ಕಡಿಮೆ.

ಡಂಬಳಕ್ಕೆ ಮುಂಡರಗಿ ಬಸ್ಸು ಹತ್ತಿ. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರದ್ದು. ಒಳಗೆ ನಿಂತರೆ ತಿಳಿಯುವುದಿಲ್ಲ, ಹೊರಗೋಡೆಯ ಸುತ್ತ ನಿಧಾನವಾಗಿ ನಡೆಯಬೇಕು. ಇಲ್ಲೊಂದು ಬೌದ್ಧ ವಿಹಾರವೂ ಇತ್ತು. ತಾರಾದೇವಿಗೆಂದು 16 ಮಂದಿ ಸೆಟ್ಟಿಗಳು ಕಟ್ಟಿಸಿದ್ದರೆಂದು 1095ರ ಶಾಸನ ಹೇಳುತ್ತದೆ.

ಇಟಗಿಯ ಮಹಾದೇವ ದೇವಾಲಯ 1112ರದು. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕುಕನೂರಿನ ಮೇಲೆ ಹೋಗಿ, ಅಲ್ಲಿ ನವಲಿಂಗ ಗುಡಿಗಳನ್ನೂ ನೋಡಿದಂತಾಗುತ್ತದೆ.

ಎಲ್ಲಿ ಇಳಿದರೂ ಮೊದಲು ವಾಪಸ್ ಬರುವ ಕಡೆಯ ಬಸ್ಸು ಎಷ್ಟಕ್ಕೆಂದು ಕೇಳಿಕೊಳ್ಳಿ. ಕತ್ತಲಾದ ಮೇಲೆ ಬರುವುದು ವಸ್ತಿ ಬಸ್ಸು, ಅದು ಬೆಳಗ್ಗೆಯೇ ಊರು ಬಿಡುವುದು. ನಡುವೆ ಒಂದು ಬಸ್ಸು ತಪ್ಪಿದರೆ ಬೇಸರ ಬೇಡ. ಕಾರಾಗಿದ್ದರೆ ಡ್ರೈವರು ಹಾರ್ನ್ ಹಾಕಿ ಕರೆಯುತ್ತಿದ್ದ ಹೊತ್ತಿಗೆ ನೀವು ಮತ್ತೊಮ್ಮೆ ಗುಡಿಗೆ ಹೋಗಿ, ಮೊದಲ ಸಲ ಕಾಣದ ಶಿಲ್ಪ ನೋಡಬಹುದು. ಅದಕ್ಕಾಗಿಯೇ ನಾನು ಇಷ್ಟು ಹಟ ಮಾಡುತ್ತಿರುವುದು.

ಸೂಡಿಗೆ ನಾನೂ ಬರುತ್ತೇನೆ. ಜೋಡುಕಳಸದ ಗುಡಿ, ನಾಗಕುಂಡ ಎರಡನ್ನೂ ನಿನ್ನ ಜೊತೆ ನೋಡುವ ಆಸೆ ನನಗಿದೆ. ಆ ಕಡೆಯ ಬಸ್ಸಿನ ವೇಳೆ ಸ್ಟ್ಯಾಂಡಿನಲ್ಲಿ ವಿಚಾರಿಸಿ ಇಡುತ್ತೇನೆ. ಯಾವ ದಿನ ಬರುತ್ತೀರಿ, ಎಷ್ಟು ಜನ ಅಂತ ತಿಳಿಸು. ರೊಟ್ಟಿ ಬುತ್ತಿ ಕಟ್ಟಬೇಕು.

ನಿನ್ನ ಅವ್ವ