ಹಳೇ ದಿಬ್ಬ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸೀನ,

ಕೋಟೆ ನೋಡೋಕೆ ಹೋಗಿ ಮಣ್ಣುಗುಡ್ಡೆಯ ಫೋಟೋ ಕಳಿಸಿದ್ದೀಯಲ್ಲೋ ಅಂತ ನಕ್ಕೆಯಲ್ಲ, ಆ ಗುಡ್ಡೆಯೇ ಕೋಟೆ ಮಾರಾಯ! ಇಂಗ್ಲೆಂಡಿಗೆ ಅಂಟಿಕೊಂಡ ವೇಲ್ಸ್ ಗಡಿಯಲ್ಲಿ, ಮಾಂಟ್‌ಗಮರಿ ಊರಿನ ಹತ್ತಿರ ಇದೆ. ಹೆಸರು ಹೆನ್ ಡೋಮೆನ್. ವೆಲ್ಶ್ ಭಾಷೆಯಲ್ಲಿ ಹಾಗೆಂದರೆ ‘ಹಳೇ ದಿಬ್ಬ’, ಅಷ್ಟೇ. ಮೇಲೆಲ್ಲ ಮರ ಬೆಳೆದಿದೆ. ಗೊತ್ತಿಲ್ಲದವರು ಪಕ್ಕದ ದಾರಿಯಲ್ಲಿ ಸುಮ್ನೆ ದಾಟಿ ಹೋಗುತ್ತಾರೆ.

ಫ್ರಾನ್ಸಿನ ನಾರ್ಮಂಡಿಯಿಂದ ಬಂದು 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗೆ ವೇಲ್ಸ್ ಸುಲಭಕ್ಕೆ ಬಗ್ಗಲಿಲ್ಲ. ಗಡಿಯ ಈ ಭಾಗವನ್ನು ಅವರ ದೊರೆ ವಿಲಿಯಂ, ರೋಜರ್ ಎಂಬ ತನ್ನ ನಂಬಿಗಸ್ತನಿಗೆ ವಹಿಸಿದ. ಸೆವರ್ನ್ ಹೊಳೆಯನ್ನು ಕಾಲ್ನಡಿಗೆಯಲ್ಲೇ ದಾಟಬಹುದಾದ ಒಂದು ಜಾಗ ಇಲ್ಲಿದೆ. ಅದರ ಮೇಲೆ ಕಣ್ಣಿಡಲು 1070ರ ದಶಕದ ಮೊದಲಲ್ಲಿ ರೋಜರ್ ಇದನ್ನು ಎಬ್ಬಿಸಿದ. ಕಲ್ಲು ಕಡಿಯುತ್ತಾ ಕೂರಲು ಪುರುಸೊತ್ತೆಲ್ಲಿ? ಸುತ್ತ ಕಂದಕ ತೋಡು, ಅದೇ ಮಣ್ಣನ್ನು ನಡುವೆ ಗುಡ್ಡೆ ಹಾಕು, ತುದಿಯಲ್ಲಿ ಮರದ ಗೋಪುರ ನಿಲ್ಲಿಸು. ಪಕ್ಕದಲ್ಲಿ ಜನ ಇರಲು ಒಂದು ಅಂಗಳ, ಅದಕ್ಕೆ ಎರಡು ಸುತ್ತು ಮಣ್ಣಿನ ಏರಿ, ಎರಡು ಕಂದಕ. ಇಷ್ಟಿದ್ದೂ 1095ರಲ್ಲಿ ವೆಲ್ಶರು ನುಗ್ಗಿ ಕಾವಲಿನವರನ್ನು ಕೊಂದುಹಾಕಿದರು.

ಹೆಸರಿನದ್ದೂ ಒಂದು ತಮಾಷೆ. ಮಾಂಟ್‌ಗಮರಿ ಅನ್ನೋದು ನಾರ್ಮಂಡಿಯಲ್ಲಿ ರೋಜರ್‌ನ ಊರು, ಅದೇ ಹೆಸರು ಇಲ್ಲಿಗೂ ಬಂತು. 1102ರಲ್ಲಿ ಅವನ ಮಗ ಆಗಿನ ದೊರೆಯ ಮೇಲೆ ತಿರುಗಿಬಿದ್ದು ಎಲ್ಲ ಕಳೆದುಕೊಂಡ. ಕೋಟೆ ಬಾಲ್ಡ್ವಿನ್ ಎಂಬವನ ಕೈಸೇರಿತು. ವೆಲ್ಶರು ಇವತ್ತಿಗೂ ಊರನ್ನು ಟ್ರೆವಾಲ್ಡ್ವಿನ್, ಅಂದರೆ ಬಾಲ್ಡ್ವಿನ್‌ನ ಊರು ಅನ್ನುತ್ತಾರೆ. ಎರಡು ಹೆಸರು, ಎರಡೂ ಹೊರಗಿನವರದ್ದೇ!

1960ರಲ್ಲಿ ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಇಲ್ಲಿ ಅಗೆಯಲು ಶುರುಮಾಡಿದರು, ಆಮೇಲೆ ರಾಬರ್ಟ್ ಹೈಯಂ ಕೈಜೋಡಿಸಿದರು. ಮೂವತ್ತು ವರ್ಷ ಅಗೆದರೂ ಮುಗಿದದ್ದು ಅಂಗಳದ ಅರ್ಧದಷ್ಟೇ. ಯಾಕೆಂದರೆ ಕೋಟೆ ಕಟ್ಟಿದ ಮರವೆಲ್ಲ ಯಾವಾಗಲೋ ಕೊಳೆತುಹೋಗಿದೆ. ಕಂಬ ನೆಟ್ಟ ಗುಳಿ, ಬಣ್ಣ ಕೊಂಚ ಬೇರೆಯಾದ ಮಣ್ಣು, ಗೋಡೆಯಿದ್ದ ಕಡೆ ಒಂದು ಸಾಲು ಬೆಣಚುಕಲ್ಲು, ಇಷ್ಟರಿಂದಲೇ ಮನೆಗಳನ್ನು ಪತ್ತೆ ಹಚ್ಚಬೇಕು. ಗುದ್ದಲಿ ಹಾಕಿದರೆ ಎಲ್ಲ ಹಾಳು. ಕರಣೆಯಲ್ಲಿ ಬೆರಳಗಲ ಕೆರೆಯುತ್ತಾ ಹೋಗಬೇಕು. ನನಗಂತೂ ಆ ತಾಳ್ಮೆ ಇಲ್ಲ, ನಿನಗೂ ಇಲ್ಲ ಬಿಡು.

ಹಾಗೆ ಕೆರೆದಾಗ ಕೋಟೆಯ ಅಡಿಯಲ್ಲಿ ಏನು ಸಿಕ್ಕಿತು ಗೊತ್ತಾ? ನೇಗಿಲ ಸಾಲು! ಉಬ್ಬು, ತಗ್ಗು, ಉಬ್ಬು, ತಗ್ಗು. ನಾರ್ಮನ್ನರು ಬರುವುದಕ್ಕೆ ಮುಂಚೆ ಯಾರೋ ರೈತ ಉತ್ತ ಹೊಲ. 1086ರ ಸರ್ಕಾರಿ ಲೆಕ್ಕದ ಪುಸ್ತಕ ನೋಡಿದರೆ, ಕೋಟೆಗೆ ಮುಂಚೆ ಈ ಸೀಮೆ ಮೂವರು ಸಾಹುಕಾರರ ಬೇಟೆ ಕಾಡು. ಅಂದರೆ ಹೊಲ ಅದಕ್ಕೂ ಮೊದಲೇ ಪಾಳು ಬಿದ್ದಿತ್ತು. ರೋಜರ್‌ನ ಆಳುಗಳು ಮೇಲೆ ಮಣ್ಣು ಸುರಿದರು, ಸಾಲು ಹಾಗೇ ಉಳಿಯಿತು. ಕೋಟೆ ಕಟ್ಟಿಸಿದವನ ಹೆಸರು ಗೊತ್ತು, ಉತ್ತವನದ್ದು ಗೊತ್ತಿಲ್ಲ. ಅವನ ಕೆಲಸ ಮಾತ್ರ ಕಣ್ಣಿಗೆ ಕಂಡಿತು, ಅಲ್ವಾ?

1223ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಹೆನ್ರಿ ಅಲ್ಲೇ ಹತ್ತಿರದ ಬಂಡೆಯ ಮೇಲೆ ಕಲ್ಲಿನ ಕೋಟೆ ಕಟ್ಟಿಸಲು ಶುರುಮಾಡಿದ. ನಮ್ಮ ದಿಬ್ಬಕ್ಕೆ ‘ಹಳೇ’ ಅನ್ನೋದು ಅಂಟಿದ್ದು ಅದರಿಂದ. ಅಲ್ಲಿಗೂ ಹೋಗಿದ್ದೆ, ಫೋಟೋ ನಾಳೆ ಕಳಿಸುತ್ತೇನೆ. ಅದನ್ನು ನೀನು ಕೋಟೆ ಅಂತ ಒಪ್ಪುತ್ತೀಯ. ನಾನು ಅಲ್ಲಿ ಹತ್ತು ನಿಮಿಷ ನಿಂತಿದ್ದರೆ ಜಾಸ್ತಿ.

ಇಂತಿ,
ನಿನ್ನ ಮಣ್ಣುಗುಡ್ಡೆ ಗೆಳೆಯ