ಹಳೆಯ ಹೋಟೆಲುಗಳಿಗೆ ಬೇಕಿರುವುದು ಶ್ರದ್ಧಾಂಜಲಿಯಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೆಸರಾಂತ ಹೋಟೆಲೊಂದು ಬಾಗಿಲು ಹಾಕುತ್ತದೆಂಬ ಸುದ್ದಿ ಬಂದೊಡನೆ ಅದುವರೆಗೆ ಅತ್ತ ಸುಳಿಯದಿದ್ದವರೂ ಸಾಲುಗಟ್ಟಿ ನಿಲ್ಲುತ್ತಾರೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದು ಬಂದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿದಾಗಲೂ ಹೀಗೆಯೇ ಆಯಿತು. ಗ್ರೀನ್ ಮಸಾಲಾ ಇಡ್ಲಿ, ಬಟನ್ ಇಡ್ಲಿ, ಮಂಗಳೂರು ಕಡೆಯ ನೀರುದೋಸೆಗಳಿಗೆ ಹೆಸರಾಗಿದ್ದ ಆ ಹೋಟೆಲು ಗಿರಾಕಿಗಳಿಲ್ಲದೆ ಸೊರಗಿದ್ದಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ಜಾಗ ಸಿಗಬೇಕಾದರೆ ತಿನ್ನುತ್ತಿರುವವರ ಬೆನ್ನ ಹಿಂದೆಯೇ ನಿಂತು, ಅವರು ಕಾಫಿಗೆ ಹೇಳುವುದನ್ನೇ ಕಾಯಬೇಕಿತ್ತು. ಸ್ವಂತ ಆಸ್ತಿಯನ್ನು ಮಾರುವುದು ಮಾಲೀಕರ ಹಕ್ಕು, ಅದನ್ನು ಆಕ್ಷೇಪಿಸಲು ನಾವಾರೂ ಅಲ್ಲ. ಆದರೆ ತುಂಬಿದ ಹೋಟೆಲಿಗಿಂತ ಅದು ನಿಂತಿರುವ ನೆಲವೇ ಹೆಚ್ಚು ಲಾಭ ತರುವಂತಾದಾಗ ಎಂತಹ ರುಚಿಯೂ ಅದನ್ನು ಉಳಿಸಿಕೊಳ್ಳಲಾರದು.

ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್‌ನ ಕತೆ ತುಸು ಬೇರೆ. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಬೀದಿಗೆ ಬಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ತಾವೇ ನಡೆಸತೊಡಗಿದರು. 2009ರಲ್ಲಿ ಎಂ.ಜಿ. ರಸ್ತೆಯ ಬಾಡಿಗೆ ಕಟ್ಟಡವನ್ನು ಬಿಡಬೇಕಾಗಿ ಬಂದರೂ, ಬಿಳಿ ಸಮವಸ್ತ್ರದ, ಪೇಟ ತೊಟ್ಟ ಆ ಮಾಣಿಗಳು ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಕಾಫಿ ತಂದಿಡಲು ಸಾಧ್ಯವಾದದ್ದು ಆ ಸಂಘದ ಬಲದಿಂದ. ಹಳೆಯ ಜಾಗದ ಸೊಗಸು ಹೊಸದರಲ್ಲಿಲ್ಲ ಎಂಬುದು ನಿಜ. ಆದರೆ ಕೆಲಸ ಉಳಿಯಿತು, ಕಾಫಿಯೂ ಉಳಿಯಿತು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕೂಡ ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣಕ್ಕೆ ಸಿಕ್ಕಿ ಹೋಟೆಲನ್ನು ಮುಚ್ಚಿತ್ತು. ಆಗ ನೌಕರರನ್ನು ಕೈಬಿಡದೆ ಸಿದ್ಧ ಮಿಶ್ರಣ, ಪುಡಿಗಳ ವ್ಯಾಪಾರಕ್ಕೆ ಹೊರಳಿದ್ದರಿಂದಲೇ ಎಂಬತ್ತರ ದಶಕದಲ್ಲಿ ಅದರ ಒಲೆ ಮತ್ತೆ ಹೊತ್ತಿತು.

ಅಡುಗೆ ಭಟ್ಟರು ಚದುರಿಹೋದರೆ ಹಿಟ್ಟಿನ ಹದ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವ ಸರ್ಕಾರ, ಅವುಗಳೊಳಗೆ ನಡೆಯುವ ಕಸುಬಿನ ಕಡೆಗೂ ಕಣ್ಣು ಹಾಯಿಸಬಾರದೇಕೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವು 2015ರಲ್ಲಿ, 30 ವರ್ಷ ದಾಟಿದ ಹೋಟೆಲು, ಅಂಗಡಿಗಳನ್ನು ಅಧಿಕೃತವಾಗಿ ಗುರುತಿಸುವ ವ್ಯವಸ್ಥೆಯೊಂದನ್ನು ತಂದಿತು. ಅಂತಹ ಉದ್ಯಮಕ್ಕೆ ಕನಿಷ್ಠ 10 ವರ್ಷಗಳ ಗುತ್ತಿಗೆ ಬರೆದುಕೊಡುವ ಕಟ್ಟಡ ಮಾಲೀಕರಿಗೂ ಅನುದಾನ ಪಡೆಯುವ ಅವಕಾಶ ಅದರಲ್ಲಿದೆ. ಬಾಡಿಗೆದಾರನನ್ನು ಎಬ್ಬಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಮಾಲೀಕನಿಗೆ ಲಾಭವಾಗಲಿ ಎಂಬ ಲೆಕ್ಕಾಚಾರ ಇದರದು.

ಖಾಸಗಿ ವ್ಯಾಪಾರಕ್ಕೆ ಸಾರ್ವಜನಿಕರ ಹಣವೇಕೆ ಎಂದು ಕೆಲವರು ಕೇಳಬಹುದು, ಕೇಳಲೂಬೇಕು. ಹೊಸ ಉದ್ಯಮಗಳನ್ನು ಕರೆತರಲು ಭೂಮಿ, ತೆರಿಗೆಗಳಲ್ಲಿ ಧಾರಾಳವಾಗಿ ರಿಯಾಯಿತಿ ಕೊಡುವ ರಾಜ್ಯದಲ್ಲಿ, 50 ವರ್ಷ ದಾಟಿದ ಹೋಟೆಲಿನ ಕಟ್ಟಡಕ್ಕೆ ಆಸ್ತಿ ತೆರಿಗೆಯ ಒಂದು ಪಾಲನ್ನು ಬಿಟ್ಟುಕೊಡುವುದು ದೊಡ್ಡ ಹೊರೆಯಾಗದು. ದೀರ್ಘಾವಧಿಯ ಗುತ್ತಿಗೆ ಮತ್ತು ನೌಕರರ ಭವಿಷ್ಯನಿಧಿ ಪಾವತಿಯನ್ನು ಅದಕ್ಕೆ ಷರತ್ತಾಗಿಸಲಿ. ಮೊದಲ ಹಂತದಲ್ಲಿ ಮಲ್ಲೇಶ್ವರ, ಬಸವನಗುಡಿ, ಚಿಕ್ಕಪೇಟೆಗಳಲ್ಲಿ ಇಂದಿಗೂ ನಡೆಯುತ್ತಿರುವ ಹಳೆಯ ಹೋಟೆಲುಗಳ ಪಟ್ಟಿಯನ್ನು ಸಿದ್ಧಪಡಿಸಿ ಪ್ರಕಟಿಸುವಂತೆ ನಗರಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಓದುಗ, ಮಲ್ಲೇಶ್ವರ, ಬೆಂಗಳೂರು