ನಮ್ಮ ಭತ್ತಕ್ಕೆ ಅವರು ಹಾಕಿದ ಲೆಕ್ಕ

ಮಗಳೇ,

ಭಾರತ ರೈತರಿಗೆ ಬೆಂಬಲ ಬೆಲೆ ಕೊಟ್ಟು ಜಗತ್ತಿನ ಮಾರುಕಟ್ಟೆ ಕೆಡಿಸುತ್ತಿದೆ ಅಂತ ಅಲ್ಲಿ ಅಮೆರಿಕದಲ್ಲಿ ನಿಮ್ಮ ಪ್ರೊಫೆಸರ್ ಅಂದರಂತೆ, ನೀನು ಏನೂ ಹೇಳದೆ ಎದ್ದು ಬಂದೆಯಂತೆ. ಸಿಂಧನೂರಿನ ಭತ್ತದ ದುಡ್ಡಲ್ಲಿ ಓದಿದವಳು ನೀನು. ಮುಂದಿನ ಸಲ ಸುಮ್ನೆ ಬರಬೇಡ. ಫೋನಿನಲ್ಲಿ ಇಷ್ಟೆಲ್ಲ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವರ ಲೆಕ್ಕ ನೋಡು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲಿ ನಮ್ಮಂಥ ದೇಶ ಒಂದು ಬೆಳೆಯ ಒಟ್ಟು ಮೌಲ್ಯದ ಶೇ 10ಕ್ಕಿಂತ ಜಾಸ್ತಿ ಬೆಂಬಲ ಬೆಲೆಯಂಥ ನೆರವು ಕೊಡುವ ಹಾಗಿಲ್ಲ. ನೆರವು ಎಷ್ಟು ಅಂತ ಅಳೆಯೋದು ಹೇಗೆ? ಇವತ್ತಿನ ಬೆಂಬಲ ಬೆಲೆಯಲ್ಲಿ 1986-88ರ ಹೊರದೇಶದ ಬೆಲೆ ಕಳೆದು, ಉಳಿದದ್ದನ್ನು ಬೆಳೆಯ ಪ್ರಮಾಣಕ್ಕೆ ಗುಣಿಸುತ್ತಾರೆ. ಡೀಸೆಲ್, ಗೊಬ್ಬರ, ನಾಟಿ ಕೂಲಿ ಯಾವುದೂ ಆಗಿನ ರೇಟಿಗೆ ಸಿಗಲ್ಲ. ಅಕ್ಕಿಗೆ ಮಾತ್ರ ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲಿನ ಬೆಲೆ.

2018ರ ಮೇ ತಿಂಗಳಲ್ಲಿ ಅಮೆರಿಕ ಆ ಸಂಸ್ಥೆಗೆ ಒಂದು ಕಾಗದ ಕೊಟ್ಟಿತು, ಭಾರತ ಅಕ್ಕಿಗೆ ಕೊಡುತ್ತಿರುವ ನೆರವು ಶೇ 74ಕ್ಕೂ ಜಾಸ್ತಿ ಅಂತ. ಅಷ್ಟು ಹೇಗಾಯ್ತು ಗೊತ್ತಾ? ಸರ್ಕಾರ ನಿಜವಾಗಿ ಕೊಂಡ ಭತ್ತ ಅಷ್ಟೇ ಅಲ್ಲ, ಕೊಳ್ಳಬಹುದಾಗಿದ್ದು ಕೊಳ್ಳದೆ ಬಿಟ್ಟದ್ದನ್ನೂ ಸೇರಿಸಿದರು. ನಮ್ಮ ಕಣದ ಕಥೆ ನಿನಗೇ ಗೊತ್ತು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಭತ್ತ ರೈಸ್‌ಮಿಲ್ಲಿಗೆ ಹೋಗಿ ಆಗಿರುತ್ತದೆ, 75 ಕೆಜಿ ಚೀಲಕ್ಕೆ ದಲಾಲಿ ಹೇಳಿದ್ದೇ ರೇಟು. ನಮ್ಮಂಥವರ ಕೈಗೆ ಬರದ ದುಡ್ಡನ್ನೂ ನೆರವು ಅಂತ ಬರೆದುಕೊಂಡರು. ಇದಕ್ಕೇ ನನಗೆ ಸಿಟ್ಟು ಬರೋದು.

ಆ ಕಾಗದ ಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ. ಚೀನಾ ಜೊತೆ ಸುಂಕದ ಜಗಳವಾಡಿ ಅಮೆರಿಕದ ಸೋಯಾ ಮಾರಾಟ ಬಿತ್ತು ನೋಡು, ಜುಲೈನಲ್ಲಿ ತಮ್ಮ ರೈತರಿಗೆ 1,200 ಕೋಟಿ ಡಾಲರ್‌ವರೆಗೆ ಪರಿಹಾರ ಘೋಷಿಸಿದರು, ಮರುವರ್ಷ ಇನ್ನೂ 1,600 ಕೋಟಿ. ಅಲ್ಲಿನ ರೈತರಿಗೆ ದುಡ್ಡು ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ರೈತ ಎಲ್ಲಿದ್ದರೂ ರೈತನೇ. ಆದರೆ ಅವರ ಒಂದು ಸರಾಸರಿ ಜಮೀನು 400 ಎಕರೆಗೂ ಜಾಸ್ತಿ, ನಮ್ಮಲ್ಲಿ ಮೂರು ಎಕರೆಯೂ ಇಲ್ಲ. ನಿಯಮ ಬರೆಯುವಾಗಲೇ ಅಮೆರಿಕ ತನಗೆ ವರ್ಷಕ್ಕೆ 1,910 ಕೋಟಿ ಡಾಲರಿನ ಹೆಚ್ಚುವರಿ ಅವಕಾಶ ಇಟ್ಟುಕೊಂಡಿತು. ನಮಗೆ ಅದು ಸೊನ್ನೆ. ಯಾಕಂದರೆ ಆಗ ಜಾಸ್ತಿ ಕೊಡುತ್ತಿದ್ದವರಿಗೇ ಜಾಸ್ತಿ ಮಿತಿ ಸಿಕ್ಕಿತು.

ಹತ್ತಿಯದು ಇನ್ನೂ ಕೇಳು. ಅಮೆರಿಕದ ಹತ್ತಿ ಸಬ್ಸಿಡಿ ತಪ್ಪು ಅಂತ ಬ್ರೆಜಿಲ್ 2002ರಲ್ಲಿ ದೂರು ಕೊಟ್ಟು ಗೆದ್ದಿತು. ಅಮೆರಿಕ ಸಬ್ಸಿಡಿ ಪೂರ್ತಿ ನಿಲ್ಲಿಸಿತಾ? ಇಲ್ಲ. 2010ರಲ್ಲಿ ಬ್ರೆಜಿಲಿನ ಹತ್ತಿ ಬೆಳೆಗಾರರಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ ಮತ್ತೆ 30 ಕೋಟಿ ಕೊಟ್ಟು ಕೇಸು ಮುಗಿಸಿಕೊಂಡಿತು. ಅದೇ ಸಬ್ಸಿಡಿಯಿಂದ ಬೆಲೆ ಬಿದ್ದು ಒದ್ದಾಡಿದ ಮಾಲಿ, ಬುರ್ಕಿನಾ ಫಾಸೊ ದೇಶದ ಬಡ ರೈತರಿಗೆ ಅಮೆರಿಕದಿಂದ ಇಂಥ ಪರಿಹಾರ ಸಿಗಲಿಲ್ಲ.

2023ರ ಜುಲೈನಲ್ಲಿ ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿದಾಗ ನೀನೇ ಅಲ್ಲಿ ಸೋನಾ ಮಸೂರಿಗೆ ಸಾಲು ನಿಂತವಳು. ಆಗ ನಿರ್ಬಂಧ ತೆಗೆಯಿರಿ ಅಂತ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ನಮಗೇ ಹೇಳಿತು. ನಾವು ಬೆಂಬಲ ಬೆಲೆಗೆ ಕೊಂಡು ದಾಸ್ತಾನು ಇಟ್ಟರೂ ತಪ್ಪು, ಮನೆಗೆ ಅಂತ ಉಳಿಸಿಕೊಂಡರೂ ತಪ್ಪು. ದಾಸ್ತಾನು ಯಾಕೆ ಅಂತ ಅವರು ನಿನ್ನ ಅಜ್ಜಿಯನ್ನು ಕೇಳಬೇಕಿತ್ತು. 1965-66ರ ಬರದಲ್ಲಿ ನಾವು ಅಮೆರಿಕದ ಗೋಧಿ ಹಡಗು ಕಾಯುತ್ತಿದ್ದೆವು, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಮಾತಾಡಿದ್ದು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ, ಗೋಧಿಯನ್ನು ತಿಂಗಳಿಗಿಷ್ಟು ಅಂತ ಅಳೆದು ಬಿಟ್ಟರು.

ನಮ್ಮಲ್ಲಿ ಹುಳುಕಿಲ್ಲ ಅಂತ ನಾನು ಹೇಳಲ್ಲ. ರೇಷನ್ ಅಕ್ಕಿ ಪಾಲಿಷ್ ಆಗಿ ಕಾಳಸಂತೆಗೆ ಹೋಗುತ್ತದೆ, ಗೋದಾಮಿನಲ್ಲಿ ಕಾಳು ಕೊಳೆಯುತ್ತದೆ. ಅದನ್ನು ಅವರು ಎತ್ತಿದರೆ ಒಪ್ಪಿಕೋ, ನಾವೂ ಇಲ್ಲಿ ದಿನಾ ಅದಕ್ಕೇ ಬಯ್ಯುತ್ತೇವೆ.

ಆದರೆ ನಿಮ್ಮ ಪ್ರೊಫೆಸರನ್ನು ಇದೊಂದು ಕೇಳು. 2013ರಲ್ಲಿ ಬಾಲಿಯಲ್ಲಿ ಎಲ್ಲ ದೇಶ ಕೂತು, 2017ರೊಳಗೆ ಈ ದಾಸ್ತಾನಿನ ವಿಷಯಕ್ಕೆ ಶಾಶ್ವತ ಪರಿಹಾರ ಅಂತ ಮಾತು ಕೊಟ್ಟಿದ್ದವು. ಆ ಮಾತು ಇನ್ನೂ ಯಾಕೆ ನಡೆದಿಲ್ಲ, 1986ರ ಬೆಲೆ ಇನ್ನೂ ಯಾಕೆ ಹಿಡಿದುಕೊಂಡಿದ್ದೀರಿ ಅಂತ. ಅವರು ಏನಂದರು ಅಂತ ನನಗೆ ಫೋನ್ ಮಾಡು.

ನಿನ್ನ ಅವ್ವ